ಅಮಾವಾಸ್ಯೆಯ ಮುಂಜಾನೆ ನಿಂತ ಡಿಸ್ಕು

ಸಂಕ್ರಮಣದ ಮರುದಿನ ಮಧ್ಯಾಹ್ನ ಮೂಡಲಗಿಯ ಒಂದು ಮುದ್ರಣಾಲಯದಿಂದ ಗೋಕಾಕದ ನಮ್ಮ ಅಂಗಡಿಗೆ ಫೋನ್ ಬಂತು. ಕಂಪ್ಯೂಟರ್ ಮುಂಜಾನೆ ಒಮ್ಮೆಲೇ ಚಾಲೂ ಆಗುವುದಿಲ್ಲ, ಡಬ್ಬಿಯ ಪಕ್ಕಕ್ಕೆ ಅಂಗೈಯಿಂದ ಬಡಿದರೆ ಏಳುತ್ತದೆ, ಇವತ್ತು ಬಹಳ ಹೊತ್ತು ಬಡಿಯಬೇಕಾಯಿತು ಎಂದು ಮಾಲಕರು ಹೇಳಿದರು. ಈಗ ಚಾಲೂ ಇದೆಯೇ ಎಂದು ಕೇಳಿದೆ. ಇದೆ ಎಂದರು. ಹಾಗಾದರೆ ನಾನು ಬರುವವರೆಗೆ ಬಂದ್ ಮಾಡಬೇಡಿ ಎಂದು ಹೇಳಿ ಬಸ್ಸು ಹಿಡಿದೆ.

ಅದು ೧೯೯೯. ಆ ವರ್ಷದ ಡೈರಿ ಈಗಲೂ ನನ್ನ ಬಳಿ ಇದೆ. ಯಾವ ಊರು, ಯಾವ ಮಷೀನು, ಏನು ಕೆಟ್ಟಿತ್ತು, ಎಷ್ಟು ಸಲ ಲೈಟು ಹೋಯಿತು ಎಂಬುದನ್ನು ಗೆರೆ ಹಾಕಿ ಲೆಕ್ಕ ಇಡುವ ಅಭ್ಯಾಸ ನನಗಿತ್ತು. ಆ ವಾರದ ಪುಟಗಳಲ್ಲಿ ಗೆರೆಗಳು ಬಹಳ, ಮಾತು ಕಡಿಮೆ.

ಮುದ್ರಣಾಲಯಕ್ಕೆ ಎರಡು ಕೋಣೆ. ಮುಂದಿನದರಲ್ಲಿ ಕಾಲಿನಿಂದ ತುಳಿಯುವ ಹಳೆಯ ಟ್ರೆಡಲ್ ಮಷೀನು, ಕಾಗದ ಕತ್ತರಿಸುವ ಯಂತ್ರ. ಒಳಗಿನದರಲ್ಲಿ ಕಂಪ್ಯೂಟರ್. ಮಾಲಕರು ಐವತ್ತು ದಾಟಿದವರು, ಮೊದಲು ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದವರು. ಕಂಪ್ಯೂಟರಿನ ಮುಂದೆ ಕೂರುತ್ತಿದ್ದವರು ಮಸಗುಪ್ಪಿಯಿಂದ ಬರುತ್ತಿದ್ದ ಒಬ್ಬ ಹುಡುಗಿ. ವಯಸ್ಸಿನಲ್ಲಿ ನನಗಿಂತ ಒಂದೆರಡು ವರ್ಷ ಚಿಕ್ಕವರಿರಬಹುದು, ಆದರೂ ನಾನು ಅವರನ್ನು ಅಕ್ಕಾರ ಎಂದೇ ಕರೆಯುತ್ತಿದ್ದೆ. ಅವರು ನನ್ನನ್ನು ಸರ ಎನ್ನುತ್ತಿದ್ದರು.

ಡಬ್ಬಿಗೆ ಕಿವಿ ಹಚ್ಚಿ ಕೇಳಿದೆ. ಹಾರ್ಡ್ ಡಿಸ್ಕಿನ ಒಳಗೆ ಸಣ್ಣಗೆ ಕೊರೆಯುವ ಸದ್ದು ಬರುತ್ತಿತ್ತು. ಇಂಥ ಡಿಸ್ಕು ತಿರುಗುತ್ತಿರುವವರೆಗೆ ಹೇಗೋ ನಡೆಯುತ್ತದೆ. ನಿಂತರೆ ಒಳಗಿನ ಓದುವ ಮುಳ್ಳು ತಟ್ಟೆಗೆ ಅಂಟಿಕೊಳ್ಳುತ್ತದೆ, ಮತ್ತೆ ತಿರುಗಿಸಲು ಮೋಟಾರಿಗೆ ಬಲ ಸಾಲುವುದಿಲ್ಲ. ಮಾಲಕರು ಬಡಿಯುತ್ತಿದ್ದದ್ದು ಆ ಅಂಟನ್ನು ಬಿಡಿಸಲು. ಎಂದೋ ಒಂದು ದಿನ ಅದು ಬಿಡುವುದಿಲ್ಲ. ಅದಕ್ಕೆ ಮೊದಲು ವಿಂಡೋಸ್, ಕನ್ನಡದ ಸಾಫ್ಟ್‌ವೇರ್, ಅವರು ಮಾಡಿದ ಎಲ್ಲ ಲಗ್ನಪತ್ರಿಕೆ, ಆಮಂತ್ರಣ ಪತ್ರಿಕೆಗಳನ್ನು ಹೊಸ ಡಿಸ್ಕಿಗೆ ಹಾಕಬೇಕು ಎಂದು ಹೇಳಿದೆ.

ಮಾಲಕರು ಕೇಳಿಸಿಕೊಂಡು, "ಇದು ಹೋತಂದ್ರ ನಾ ಮತ್ತೊಂದು ಕೊಳ್ಳಾವಲ್ಲ ತಮ್ಮಾ. ಕಂಪೋಜ್ ಎಲ್ಲಾ ಗೋಕಾಕಕ್ಕ ಕೊಡ್ತೇನಿ, ಇಲ್ಲಿ ಬರೇ ಛಾಪಿಸ್ತೇನಿ" ಎಂದರು. ಅಕ್ಕಾರ ಅಲ್ಲೇ ಕೂತಿದ್ದರು. ತಲೆ ಎತ್ತಲಿಲ್ಲ. ಲಗ್ನದ ಹಂಗಾಮು ಶುರುವಾಗಿತ್ತು, ಅವರ ಕೈ ನಿಲ್ಲುವಂತಿರಲಿಲ್ಲ. ಮಾಲಕರು ಮುಂದಿನ ಕೋಣೆಗೆ ಹೋದ ಮೇಲೆ ಅವರು ಮೆಲ್ಲಗೆ ಹೇಳಿದರು: "ಗೋಕಾಕಕ್ಕ ನಮ್ಮಪ್ಪ ಕಳಸೂದಿಲ್ರಿ ಸರ. ಇಲ್ಲಿ ಸೋದರಮಾವನ ಮನಿ ಐತಂತ ಕಳಸ್ಯಾನ. ಇದ ನಿಂತ್ರ ನಾ ಮನ್ಯಾಗ ಕುಂಡ್ರಾಕಿನ."

ಡಿಸ್ಕು ಬದಲಿಸುವ ಸಾಮಾನ್ಯ ಕ್ರಮ ಸರಳ. ಮಷೀನು ಬಂದ್ ಮಾಡಿ, ಡಬ್ಬಿ ಬಿಚ್ಚಿ, ಹಳೆಯ ಡಿಸ್ಕಿನ ವೈರಿನ ಪಟ್ಟಿಗೇ ಹೊಸದನ್ನೂ ಜೋಡಿಸಿ, ಇದರಿಂದ ಅದಕ್ಕೆ ನಕಲು ಮಾಡುವುದು. ಆದರೆ ಬಂದ್ ಮಾಡುವುದೇ ಇಲ್ಲಿ ಆಗದ ಮಾತು. ಉಳಿದದ್ದು ಒಂದೇ ದಾರಿ. ಪ್ರಿಂಟರಿನ ವೈರು ಚುಚ್ಚುವ ಜಾಗವನ್ನು ಮಷೀನು ಚಾಲೂ ಇರುವಾಗಲೇ ಬಳಸಬಹುದು. ಅಲ್ಲಿಂದ ಒಂದು ಕೇಬಲ್ ಎಳೆದು ಮತ್ತೊಂದು ಕಂಪ್ಯೂಟರಿಗೆ ಸೇರಿಸಿದರೆ ಎರಡೂ ಮಾತಾಡುತ್ತವೆ, ಆದರೆ ಬಹಳ ನಿಧಾನ. ನಾನು ಗೋಕಾಕಕ್ಕೆ ತಿರುಗಿ ಹೋಗಿ ಅಂಗಡಿಯ ಒಂದು ಮಷೀನಿಗೆ ಹೊಸ ಡಿಸ್ಕು ಹಾಕಿ, ಅದನ್ನು ಮೂಡಲಗಿಗೆ ಹೊರಟ ಟೆಂಪೋದಲ್ಲಿ ಗೊಬ್ಬರದ ಚೀಲಗಳ ಮೇಲೆ ಇಟ್ಟುಕೊಂಡು ಸಂಜೆಗೆ ಬಂದೆ.

ಲೈಟಿನದು ದೊಡ್ಡ ಚಿಂತೆ. ಅಲ್ಲಿದ್ದ ಯುಪಿಎಸ್ ಒಂದು ಚಹಾ ಕುಡಿಯುವಷ್ಟು ಹೊತ್ತು ತಡೆಯುತ್ತಿತ್ತು. ಅದರ ಬೆನ್ನು ಬಿಚ್ಚಿ, ಒಳಗಿನ ಸಣ್ಣ ಬ್ಯಾಟರಿಯ ತಂತಿಗಳನ್ನು ಹೊರಗೆಳೆದು, ಮಾಲಕರ ತಮ್ಮನ ಟ್ರ್ಯಾಕ್ಟರಿನ ಬ್ಯಾಟರಿಗೆ ಕಟ್ಟಿದೆ. ಆ ತಮ್ಮ ಬಾಗಿಲಲ್ಲಿ ನಿಂತು, ಬ್ಯಾಟರಿ ಇಲ್ಲದ ಟ್ರ್ಯಾಕ್ಟರನ್ನು ಇಳಿಜಾರಿನಲ್ಲಿ ನಿಲ್ಲಿಸಿ ಬಂದಿದ್ದೇನೆ, ಕಂಪ್ಯೂಟರನ್ನೂ ಇಳಿಜಾರಿಗೆ ಇಟ್ಟು ನೂಕಿದರೆ ಆಗುವುದಿಲ್ಲವೇ ಎಂದು ಕೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಲೈಟು ಹೋದಾಗ ಯುಪಿಎಸ್ ಕಿರುಗುಟ್ಟಿ, ಡಿಸ್ಕು ತಿರುಗುತ್ತಲೇ ಇತ್ತು. ಡೈರಿಯಲ್ಲಿ ಗೆರೆ ಹಾಕಿದೆ. ನಕಲು ಮುಗಿಯುವಷ್ಟರಲ್ಲಿ ಅಂಥ ಹನ್ನೊಂದು ಗೆರೆಗಳಾದವು.

ನಕಲು ಮಾಡುವ ಕೆಲಸ ನೋಡುವವರಿಗೆ ಏನೂ ಅಲ್ಲ. ಫೈಲುಗಳ ಹೆಸರು ಒಂದೊಂದಾಗಿ ತೆರೆಯ ಮೇಲೆ ಬರುತ್ತವೆ, ಹೋಗುತ್ತವೆ. ಕೆಲವು ಕಡೆ ಹಳೆಯ ಡಿಸ್ಕು ಕರ್ ಕರ್ ಎಂದು ಅದೇ ಜಾಗವನ್ನು ಮತ್ತೆ ಮತ್ತೆ ಓದಲು ನೋಡುತ್ತಿತ್ತು. ಆಗೆಲ್ಲ ಆ ಫೈಲು ಬಿಟ್ಟು ಮುಂದಿನದಕ್ಕೆ ಹೋಗಬೇಕು. ಹಟ ಮಾಡಿದರೆ ಡಿಸ್ಕು ಬೇಗ ಸಾಯುತ್ತದೆ. ಬಿಟ್ಟವುಗಳ ಹೆಸರು ಬರೆದಿಟ್ಟೆ. ಹೆಚ್ಚಿನವು ಯಾರಿಗೂ ಬೇಡವಾದ ಸಹಾಯದ ಪುಟಗಳು, ಮಗುವಿನ ಮೊದಲ ಕೂದಲು ತೆಗೆಸುವ ಜವಳದ ಒಂದು ಹಳೆಯ ಪತ್ರಿಕೆ. ಶನಿವಾರ ಸಂಜೆಗೆ ವಿಂಡೋಸ್ ಬಂದಿತ್ತು, ಅಕ್ಷರಗಳ ಫಾಂಟುಗಳು ಬಂದಿದ್ದವು, ಮೂರು ವರ್ಷದ ಪತ್ರಿಕೆಗಳು ಬಂದಿದ್ದವು.

ಉಳಿದದ್ದು ಒಂದೇ. ಕನ್ನಡ ಟೈಪ್ ಮಾಡುವ ಆ ಸಾಫ್ಟ್‌ವೇರಿಗೆ ಒಂದು ಕೀಲಿ ಫ್ಲಾಪಿ ಇತ್ತು. ಅದರಲ್ಲಿ ಒಂದೇ ಸಲದ ಅನುಮತಿ. ಸಾಫ್ಟ್‌ವೇರ್ ಹಾಕಿದಾಗ ಅನುಮತಿ ಫ್ಲಾಪಿಯಿಂದ ಡಿಸ್ಕಿಗೆ ಹೋಗುತ್ತದೆ. ಬರೀ ನಕಲು ಮಾಡಿದರೆ ಅದು ಜೊತೆಗೆ ಬರುವುದಿಲ್ಲ. ಹಳೆಯ ಡಿಸ್ಕಿನಿಂದ ಫ್ಲಾಪಿಗೆ ತಿರುಗಿ ಪಡೆದು, ಆಮೇಲೆ ಹೊಸದಕ್ಕೆ ಹಾಕಬೇಕು. ಪಡೆದ ಕ್ಷಣದಿಂದ ಹಳೆಯದರಲ್ಲಿ ಕನ್ನಡ ನಿಲ್ಲುತ್ತದೆ. ತಿರುಗಿ ಮಾಡಲಾಗದ ಕೆಲಸವನ್ನು ಎಲ್ಲಕ್ಕಿಂತ ಕೊನೆಗೆ ಮಾಡಬೇಕು ಎಂಬುದು ನಮ್ಮ ಕೆಲಸದ ನಿಯಮ. ಮೊದಲು ಎಲ್ಲ ನಕಲಾಗಲಿ, ಒಮ್ಮೆ ತಾಳೆ ನೋಡೋಣ, ನಂತರ ಅನುಮತಿ. ನಾನು ಹಾಗೇ ತೀರ್ಮಾನಿಸಿದ್ದೆ. ತಾಳೆ ಮುಗಿದಾಗ ಕತ್ತಲಾಗುತ್ತಿತ್ತು. ಫ್ಲಾಪಿ ಮಾಲಕರ ಮನೆಯ ತಿಜೋರಿಯಲ್ಲಿತ್ತು, ತಿಜೋರಿಯ ಚಾವಿ ಮದುವೆಗೆಂದು ಯಮಕನಮರಡಿಗೆ ಹೋದ ಅವರ ಮನೆಯವರ ಸೊಂಟದಲ್ಲಿತ್ತು. ಬೆಳಿಗ್ಗೆ ಮೊದಲ ಗಾಡಿಗೆ ಬರುತ್ತಾರೆ ಎಂದರು.

ಬೆಳಿಗ್ಗೆಯೇ ಮಾಡೋಣ ಎಂದು ನಾನು ಗೋಕಾಕಕ್ಕೆ ಹೊರಟೆ. ಒಂದು ಕಾಗದದ ಮೇಲೆ ದೊಡ್ಡದಾಗಿ "ಬಂದ್ ಮಾಡಬಾರದು" ಎಂದು ಬರೆದು ಮಾನಿಟರಿನ ನೆತ್ತಿಗೆ ಅಂಟಿಸಿದೆ. ಇಬ್ಬರಿಗೂ ಬಾಯಲ್ಲೂ ಹೇಳಿದೆ. ಲೈಟು ಹೋದರೆ ಬ್ಯಾಟರಿ ಇದೆ, ಯಾವ ಕಾರಣಕ್ಕೂ ಗುಂಡಿ ಮುಟ್ಟಬೇಡಿ. ಇಬ್ಬರೂ ಒಪ್ಪಿದರು.

ರವಿವಾರ ಮುಂಜಾನೆ ಮುದ್ರಣಾಲಯದ ಮೆಟ್ಟಿಲು ಹತ್ತುವಾಗಲೇ ಊದುಬತ್ತಿಯ ವಾಸನೆ ಬಂತು. ಟ್ರೆಡಲ್ ಮಷೀನಿನ ಹಣೆಗೆ ಮೂರು ಗೆರೆಯ ವಿಭೂತಿ, ಸೇವಂತಿಗೆ ಹೂವು. ಕತ್ತರಿಸುವ ಯಂತ್ರಕ್ಕೂ ವಿಭೂತಿ. ಹೊಸ್ತಿಲ ಬಳಿ ಒಡೆದ ತೆಂಗಿನಕಾಯಿಯ ನೀರು ಇನ್ನೂ ಒದ್ದೆಯಾಗಿತ್ತು. ಅಕ್ಕಾರ ಹೊಸ ಸೀರೆ ಉಟ್ಟಿದ್ದರು. ಎಡಗೈಯಲ್ಲಿ ಪ್ರಸಾದದ ತಟ್ಟೆ ಹಿಡಿದು ನನಗೆ ಕೊಬ್ಬರಿ, ಬೆಲ್ಲ ಕೊಟ್ಟರು. ಬಾಯಿಗೆ ಹಾಕಿಕೊಂಡು ಒಳಗೆ ಹೋದೆ.

ಕಂಪ್ಯೂಟರಿನ ಡಬ್ಬಿಗೂ ಮೂರು ಗೆರೆ ವಿಭೂತಿ. ಕೀಲಿಮಣೆಯ ಮೇಲೆ ಒಂದು ಹೂವು. ನಾನು ಬರೆದ ಕಾಗದ ಮಾನಿಟರಿನ ನೆತ್ತಿಯ ಮೇಲೇ ಇತ್ತು, ನಾನು ಅಂಟಿಸಿದ್ದಕ್ಕಿಂತ ನೇರವಾಗಿ. ಅದರ ಮೂಲೆಗೆ ಕುಂಕುಮ ಹತ್ತಿತ್ತು. ತೆರೆ ಕಪ್ಪಾಗಿತ್ತು. ಕೋಣೆಯಲ್ಲಿ ಯಾವ ಸದ್ದೂ ಇರಲಿಲ್ಲ.

ಬಂದ್ ಮಾಡಿದ್ದು ಯಾರು ಎಂದು ಕೇಳಿದೆ. ನನ್ನ ದನಿ ಏರಿರಬೇಕು. ಮಾಲಕರು ಮುಂದಿನ ಕೋಣೆಯಿಂದ ಬಂದರು.

"ಬಂದ್ ಮಾಡಿಲ್ಲೋ ತಮ್ಮಾ," ಎಂದರು. "ಪೂಜಿ ಮಾಡೇವಿ. ಅವರಾತ್ರಿ ಅಮಾಸಿ ಇವತ್ತು."

ಅವರ ತಂದೆಯ ಕಾಲದಿಂದ ಅಲ್ಲಿ ನಡೆದು ಬಂದ ರೀತಿ ಅದು. ಪ್ರತಿ ಅಮಾವಾಸ್ಯೆಗೆ ಎಲ್ಲ ಮಷೀನು ನಿಲ್ಲಿಸಿ, ಒರೆಸಿ, ಪೂಜೆ ಮಾಡಿ, ಮತ್ತೆ ಚಾಲೂ ಮಾಡುವುದು. ನಡೆಯುತ್ತಿರುವ ಮಷೀನಿಗೆ ಯಾರೂ ಕುಂಕುಮ ಹಚ್ಚುವುದಿಲ್ಲ. ಹಿಂದೊಮ್ಮೆ ಟ್ರೆಡಲ್ ನಿಲ್ಲುವ ಮೊದಲೇ ಹೂವು ಇಡಲು ಹೋಗಿ ಒಬ್ಬನ ಬೆರಳು ಹೋಗಿತ್ತಂತೆ. ಹಾಗಾಗಿ ಆ ಕಟ್ಟಳೆಯಲ್ಲಿ ಭಕ್ತಿಯಷ್ಟೇ ಭಯವೂ ಇತ್ತು. ನನ್ನ ಕಾಗದ ಹೇಳಿದ್ದು ಕೆಲಸದ ದಿನದ ಮಾತು ಎಂದು ಅವರು ತಿಳಿದಿದ್ದರು. ಕಾಗದವನ್ನು ಹರಿಯದಂತೆ ಬಿಡಿಸಿ ತೆಗೆದು, ಡಬ್ಬಿ ಒರೆಸಿ, ಪೂಜೆ ಮುಗಿದ ಮೇಲೆ ಮತ್ತೆ ಅಂಟಿಸಿದವರು ಅಕ್ಕಾರ. ಚಾಲೂ ಮಾಡುವುದನ್ನು ನನಗೆಂದು ಬಿಟ್ಟಿದ್ದರು. ಫ್ಲಾಪಿಯೂ ಬಂದಿತ್ತು. ಅದಕ್ಕೂ ಒಂದು ಬೊಟ್ಟು ಇಟ್ಟು ಕೀಲಿಮಣೆಯ ಪಕ್ಕ ಇಟ್ಟಿದ್ದರು.

ನಾನು ಗುಂಡಿ ಒತ್ತಿದೆ. ಫ್ಯಾನು ತಿರುಗಿತು. ದೀಪ ಹತ್ತಿತು. ಡಿಸ್ಕು ತಿರುಗಲಿಲ್ಲ.

ಬಡಿದೆ. ಮಾಲಕರು ತಮ್ಮ ರೀತಿಯಲ್ಲಿ ಬಡಿದರು. ಡಿಸ್ಕನ್ನು ಹೊರಗೆ ತೆಗೆದು, ಚಾಲೂ ಇಟ್ಟೇ, ಮುಷ್ಟಿಯಲ್ಲಿ ಹಿಡಿದು ಬೀಗ ತೆರೆಯುವಂತೆ ಗಕ್ಕನೆ ತಿರುಗಿಸಿದೆ. ಇದು ಎಷ್ಟೋ ಕಡೆ ಕೆಲಸ ಮಾಡಿತ್ತು. ಒಳಗಿಂದ ಗುಂಯ್ ಎಂದು ಮೋಟಾರು ಹೆಣಗುವ ಸದ್ದು ಬಂದು ಅಲ್ಲೇ ಅಡಗುತ್ತಿತ್ತು. ಅಂಗಳದ ಬಿಸಿಲಿನಲ್ಲಿ ಬಟ್ಟೆ ಹಾಸಿ ಕಾಯಿಸಿದೆ. ಬಿಸಿಯಿದ್ದಾಗಲೇ ಮತ್ತೆ ಹಚ್ಚಿದೆ. ಮಧ್ಯಾಹ್ನದ ಹೊತ್ತಿಗೆ ಆ ಹೆಣಗುವ ಸದ್ದೂ ನಿಂತಿತು. ಗೋಕಾಕದ ನಮ್ಮ ಅಂಗಡಿಯ ಹಿರಿಯರಿಗೆ ಫೋನ್ ಮಾಡಿದೆ. ನಾನು ಮಾಡಿದ್ದನ್ನೆಲ್ಲ ಕೇಳಿ, ಇನ್ನು ಮಾಡುವುದೇನೂ ಉಳಿದಿಲ್ಲ, ಬಸ್ಸು ಹತ್ತು ಎಂದರು.

ಅಕ್ಕಾರ ಅಷ್ಟೂ ಹೊತ್ತು ಬಾಗಿಲಿಗೆ ಒರಗಿ ನಿಂತಿದ್ದರು. ನಾನು ಡಿಸ್ಕನ್ನು ಮೇಜಿನ ಮೇಲೆ ಇಟ್ಟಾಗ ಕೇಳಿದರು: "ದೇವರ ಸಲುವಾಗಿ ಬಂದ್ ಮಾಡಿದ್ದು ಹೆಂಗ ಕೆಡತೈತ್ರಿ ಸರ?"

ಅವರ ದನಿಯಲ್ಲಿ ವಾದ ಇರಲಿಲ್ಲ. ಈ ಮಷೀನು ಉಳಿಯಲಿ ಎಂದು ಅಲ್ಲಿ ಎಲ್ಲರಿಗಿಂತ ಹೆಚ್ಚು ಬೇಡಿಕೊಂಡವರು ಅವರು. ನಾನು ತಟ್ಟೆ, ಮುಳ್ಳು, ಅಂಟು ಎಂದು ವಿವರಿಸಲು ಶುರು ಮಾಡಿದೆ. ಅರ್ಧಕ್ಕೇ ನಿಲ್ಲಿಸಿದೆ. ಅವರು ಕೇಳಿದ್ದು ಅದಾಗಿರಲಿಲ್ಲ.

ಅಂದು ಸಂಜೆ ಹೊಸ ಡಿಸ್ಕನ್ನು ಅವರ ಡಬ್ಬಿಗೆ ಹಾಕಿದೆ. ಹಳೆಯ ಬೋರ್ಡಿಗೆ ಅಷ್ಟು ದೊಡ್ಡ ಡಿಸ್ಕು ತಿಳಿಯಲಿಲ್ಲ, ಎಣಿಸುತ್ತಾ ಎಣಿಸುತ್ತಾ ಮಷೀನೇ ನಿಂತುಬಿಡುತ್ತಿತ್ತು. ಡಿಸ್ಕಿನ ಹಿಂಭಾಗದ ಸಣ್ಣ ಟೋಪಿಯಂಥ ಜಂಪರನ್ನು ಕಿತ್ತು ಬೇರೆ ಜಾಗಕ್ಕೆ ಚುಚ್ಚಿ, ಡಿಸ್ಕು ತನ್ನ ಗಾತ್ರವನ್ನು ಕಡಿಮೆ ಹೇಳುವಂತೆ ಮಾಡಿದ ಮೇಲೆ ಒಪ್ಪಿತು. ನನ್ನ ಬಳಿಯಿದ್ದ ಬೇರೊಂದು ಫ್ಲಾಪಿಯಿಂದ ಮಷೀನನ್ನು ಎಬ್ಬಿಸಿ, ಹೊಸ ಡಿಸ್ಕಿಗೆ ತಾನಾಗಿ ಏಳುವ ಫೈಲುಗಳನ್ನು ಹಾಕಿ, ಮತ್ತೆ ಚಾಲೂ ಮಾಡಿದೆ. ವಿಂಡೋಸ್ ಎದ್ದಿತು. ಹಿಂದೆ ಇದ್ದ ಅದೇ ಗುಲಾಬಿ ಹೂವಿನ ಚಿತ್ರ, ಅದೇ ಜಾಗದಲ್ಲಿ ಅವೇ ಗುರುತುಗಳು. ಹಳೆಯ ಲಗ್ನಪತ್ರಿಕೆ ತೆರೆದೆವು. ಅಕ್ಷರಗಳು ಒಂದೂ ಕೆಡದೆ ಬಂದವು. ಮಾಲಕರು ನನ್ನ ಬೆನ್ನು ತಟ್ಟಿದರು.

ಅಕ್ಕಾರ ಕೂತು ಕೀಲಿ ಒತ್ತಿದರು. ಕಿರ್ ಎಂದಿತು. ಕೀಲಿ ಫ್ಲಾಪಿ ಹಾಕಿ ಎಂದು ತೆರೆ ಕೇಳಿತು. ಬೊಟ್ಟು ಒರೆಸಿ ಹಾಕಿದೆ. ಉಳಿದ ಅನುಮತಿ ಸೊನ್ನೆ ಎಂದಿತು. ಇದು ನನಗೆ ಮುಂಜಾನೆಯೇ ಗೊತ್ತಿತ್ತು. ಅನುಮತಿ ಮೇಜಿನ ಮೇಲಿದ್ದ ಆ ಸತ್ತ ಡಿಸ್ಕಿನ ಒಳಗಿತ್ತು. ಮೂರು ವರ್ಷದಲ್ಲಿ ಬರೆದದ್ದನ್ನೆಲ್ಲ ಓದಬಹುದು, ಹೊಸದಾಗಿ ಒಂದಕ್ಷರ ಬರೆಯುವಂತಿಲ್ಲ.

ಸಾಫ್ಟ್‌ವೇರ್ ಮಾರಿದವರು ಹುಕ್ಕೇರಿಯವರು. ಸೋಮವಾರ ಹುಡುಕಿಕೊಂಡು ಹೋದೆ. ಬಿಲ್ಲಿನಲ್ಲಿದ್ದ ವಿಳಾಸದ ಅಂಗಡಿಯಲ್ಲಿ ಈಗ ಹನಿ ನೀರಾವರಿಯ ಪೈಪುಗಳಿದ್ದವು. ಅಂಗಡಿಕಾರರು ಅವರೇ, ಧಂದೆ ಬೇರೆ. ಜೈನ ಮನೆತನದ ಮೃದು ಮಾತಿನ ಮನುಷ್ಯ. ಗಿರಾಕಿಯ ಜೊತೆ ಮರಾಠಿ ಮುಗಿಸಿ ನನ್ನ ಜೊತೆ ಕನ್ನಡಕ್ಕೆ ಬಂದರು. ಕೂರಿಸಿ ಚಹಾ ತರಿಸಿ, ನಾನು ಹೇಳಿದ್ದನ್ನು ಪೂರ್ತಿ ಕೇಳಿದರು.

"ಖರೆ ಹೇಳ್ಲಿಕ್ಕ ಬೇಕಂದ್ರ, ಆ ಕಂಪನಿನ ಮುಚ್ಚೇತ್ರಿ," ಎಂದರು. ಆದರೂ ನನ್ನ ಸಮಾಧಾನಕ್ಕೆಂದು ಹಳೆಯ ನಂಬರಿಗೆ ಫೋನ್ ಮಾಡಿದರು. ಈ ನಂಬರು ಚಾಲ್ತಿಯಲ್ಲಿಲ್ಲ ಎಂಬ ಇಂಗ್ಲಿಷ್ ದನಿ ಬಂತು. ರಿಸೀವರನ್ನು ನನ್ನ ಕಿವಿಗೂ ಹಿಡಿದರು. ಹೊಸ ಸಾಫ್ಟ್‌ವೇರ್ ಕೊಂಡರೆ ಎಂದು ನಾನು ಕೇಳಲಿಲ್ಲ. ಬೇರೆ ಕಂಪನಿಯದಕ್ಕೆ ಅಕ್ಷರದ ಲೆಕ್ಕವೇ ಬೇರೆ, ಕೀಲಿಗಳ ಜಾಗವೂ ಬೇರೆ. ಅದರಲ್ಲಿ ಹಳೆಯ ಪತ್ರಿಕೆಗಳೆಲ್ಲ ಅರ್ಥವಿಲ್ಲದ ಗುರುತುಗಳಾಗುತ್ತವೆ. ಮತ್ತೊಂದು ಕೊಳ್ಳುವುದಿಲ್ಲ ಎಂದು ಮಾಲಕರು ಮೊದಲೇ ಹೇಳಿದ್ದರು. ಹೊರಡುವಾಗ ಅಂಗಡಿಕಾರರು ಅಟ್ಟದಿಂದ ಆ ಸಾಫ್ಟ್‌ವೇರಿನ ಖಾಲಿ ರಟ್ಟಿನ ಡಬ್ಬಿಯೊಂದನ್ನು ಇಳಿಸಿ, ಧೂಳು ಒರೆಸಿ ನನ್ನ ಕೈಗೆ ಕೊಟ್ಟರು. ಬೇಡ ಎನ್ನಲು ಆಗದೆ ತೆಗೆದುಕೊಂಡೆ.

ಮೂಡಲಗಿಯಲ್ಲಿ ಇದನ್ನು ಹೇಳಿದಾಗ ಮಾಲಕರು ಸಿಟ್ಟಾದರು. ನನ್ನ ಮೇಲಲ್ಲ, ಅಕ್ಕಾರ ಮೇಲೂ ಅಲ್ಲ, ಒಟ್ಟು ಆ ಕಂಪ್ಯೂಟರಿನ ಡಬ್ಬಿಯ ಮೇಲೆ. "ಒಂದು ಹೋದ್ರ ಎಲ್ಲಾ ಹೋತು ಅಂತೀರಿ. ಕೀಲಿ ಒತ್ತಿದ್ರ ಬರೂದಿಲ್ಲೇನು? ಹಂಗಾದ್ರ ಮೊದಲಿನಂಗ ಒಂದೊಂದ ಮೊಳಿ ಆರಿಸಿ ಜೋಡಸ್ರಿ. ನಾ ಹಂಗ ಜೋಡಿಸೇ ಮುದುಕ ಆಗೇನಿ, ನನಗ್ಯಾವ ಫ್ಲಾಪಿ ಬೇಕಾಗಿರಲಿಲ್ಲ."

ಹಂಗಿಸಲು ಹೇಳಿದ ಮಾತು. ಆದರೆ ಅಕ್ಕಾರ ಅದನ್ನು ಮಾತಿನಂತೆಯೇ ಹಿಡಿದರು. ಹಳೆಯ ಪತ್ರಿಕೆಯೊಂದನ್ನು ತೆರೆದು, ಅದರಿಂದ ಒಂದು ಅಕ್ಷರವನ್ನು ಆರಿಸಿ, ನಕಲು ಮಾಡಿ, ಖಾಲಿ ಪುಟದಲ್ಲಿ ಅಂಟಿಸಿದರು. ಅಂಟಿತು. ಇನ್ನೊಂದು ಪತ್ರಿಕೆಯಿಂದ ಇನ್ನೊಂದು ಅಕ್ಷರ. ಅದೂ ಅಂಟಿತು. ನಾವಿಬ್ಬರೂ ಅವರ ಹಿಂದೆ ನಿಂತು ನೋಡಿದೆವು. ಒಂದು ಹೆಸರು ಮುಗಿಯುವಷ್ಟರಲ್ಲಿ ಮುಂದಿನ ಕೋಣೆಯಲ್ಲಿ ಗಿರಾಕಿಯೊಬ್ಬ ಬಂದು, ಕಾದು, ಹೋಗಿದ್ದ.

ಇದನ್ನು ಪರಿಹಾರ ಎಂದು ನಾನು ಡೈರಿಯಲ್ಲಿ ಬರೆಯಲಿಲ್ಲ. ಮೊದಲು ಅವರು ಊಟದ ಹೊತ್ತಿಗೆ ಮುಗಿಸುತ್ತಿದ್ದ ಪತ್ರಿಕೆಗೆ ಈಗ ಇಡೀ ದಿನ ಹೋಗುತ್ತಿತ್ತು. ಲಗ್ನಪತ್ರಿಕೆಗಳ ಮಾತು ಬಹುಪಾಲು ಒಂದೇ ಆಗಿರುವುದರಿಂದ ಆ ಭಾಗ ಹಳೆಯದರಿಂದಲೇ ಬರುತ್ತಿತ್ತು. ಹೆಸರುಗಳನ್ನು ಮಾತ್ರ ಜೋಡಿಸಬೇಕು. ಯಾರದೋ ಮಗಳ ಹೆಸರಿಗೆ ಇನ್ಯಾರದೋ ಸೊಸೆಯ ಹೆಸರಿನಿಂದ ಅಕ್ಷರ. ಉದ್ದದ ಕೆಲಸಗಳನ್ನು ಮಾಲಕರು ಗೋಕಾಕಕ್ಕೆ ಕಳಿಸತೊಡಗಿದರು. ಈ ಹಂಗಾಮು ಒಂದು ಹೀಗೇ ನಡೆಯಲಿ, ಆಮೇಲೆ ನೋಡೋಣ ಎಂದರು.

ನಾನು ಮುಂದಿನ ಸಲ ಹೋದಾಗ ಇಬ್ಬರ ನಡುವೆ ಸಣ್ಣ ಜಗಳ ನಡೆದಿತ್ತು. ವರನ ಮನೆತನದ ಹೆಸರಿಗೆ ಬೇಕಾದ ಒಂದು ಒತ್ತಕ್ಷರ ಯಾವ ಲಗ್ನಪತ್ರಿಕೆಯಲ್ಲೂ ಸಿಕ್ಕಿರಲಿಲ್ಲ. ಲಿಂಗೈಕ್ಯರಾದ ಹಿರಿಯರೊಬ್ಬರ ಶಿವಗಣಾರಾಧನೆಯ ಪತ್ರಿಕೆಯಲ್ಲಿತ್ತು. ಅಕ್ಕಾರ ಅದರಿಂದ ತೆಗೆಯಲು ಒಪ್ಪುತ್ತಿರಲಿಲ್ಲ.

"ಮೊಳಿಗೇನ ಸೂತಕ ಐತೇನ ಯವ್ವಾ," ಎಂದರು ಮಾಲಕರು. "ಮುಂಜಾನೆ ಲಗ್ನಕ್ಕ ಹಾಕಿದ ಮೊಳಿನ ಸಂಜಿಕ ಸತ್ತವರ ಪತ್ರಿಕಿಗೆ ಹಾಕ್ತಿದ್ವಿ."

"ಮೊಳಿ ಚಿಮಣಿ ಎಣ್ಣ್ಯಾಗ ತೊಳಿತಿದ್ರಿ ಕಾಕಾರ," ಎಂದರು ಅಕ್ಕಾರ. "ಇದನ್ನ ಹೆಂಗ ತೊಳ್ಯೂದು?"

ಮಾಲಕರು ನನ್ನ ಕಡೆ ನೋಡಿದರು. ಕೊನೆಗೆ ಅಕ್ಕಾರ ಎರಡು ಬೇರೆ ಅಕ್ಷರಗಳ ತುಂಡುಗಳನ್ನು ಸೇರಿಸಿ ಆ ಒತ್ತನ್ನು ಕಟ್ಟಿದರು. ಸ್ವಲ್ಪ ವಾರೆಯಾಗಿತ್ತು. ಹಾಗೇ ಛಾಪಿಸಿದರು.

ಶಿವರಾತ್ರಿ ಅಮಾವಾಸ್ಯೆಯ ದಿನ ಮುಂಜಾನೆಯೇ ಮೂಡಲಗಿಗೆ ಹೋದೆ. ನನ್ನ ಡೈರಿಯಲ್ಲಿ ತಾರೀಖುಗಳಿದ್ದವು, ತಿಥಿಗಳಿರಲಿಲ್ಲ. ಈಗ ವರ್ಷದ ಅಮಾವಾಸ್ಯೆಗಳನ್ನೆಲ್ಲ ಪಂಚಾಂಗ ನೋಡಿ ಗುರುತು ಹಾಕಿಕೊಂಡಿದ್ದೆ. ಅನುಮತಿ ಪಡೆಯುವುದನ್ನು ಕೊನೆಗೆ ಇಟ್ಟ ಕ್ರಮ ತಪ್ಪೆಂದು ನನಗೆ ಇಂದಿಗೂ ಅನ್ನಿಸಿಲ್ಲ, ಈಗಲೂ ಹಾಗೇ ಮಾಡುತ್ತೇನೆ. ಆದರೆ ಯಾವ ಊರಿಗೆ ಹೋದರೂ ನಾಳೆ ಏನು ಎಂದು ಮೊದಲು ಕೇಳುತ್ತೇನೆ.

ಟ್ರೆಡಲ್ ನಿಂತಿತ್ತು. ಕತ್ತರಿಸುವ ಯಂತ್ರ ಒರೆಸಿಯಾಗಿತ್ತು. ಸತ್ತ ಡಿಸ್ಕನ್ನು ಕಂಪ್ಯೂಟರಿನ ಪಕ್ಕ ಒಂದು ಬಟ್ಟೆಯ ಮೇಲೆ ಇಟ್ಟು, ಅದಕ್ಕೂ ವಿಭೂತಿ ಹಚ್ಚಿದ್ದರು. ಕಂಪ್ಯೂಟರ್ ಮಾತ್ರ ಇನ್ನೂ ಚಾಲೂ ಇತ್ತು. ಅಕ್ಕಾರ ತಟ್ಟೆ ಹಿಡಿದು ನಿಂತಿದ್ದರು, ಮಾಲಕರು ಕಾಯಿ ಹಿಡಿದು ನಿಂತಿದ್ದರು. ನನಗಾಗಿ ಕಾದಿದ್ದರು.

"ಸರ," ಎಂದರು ಅಕ್ಕಾರ. "ಈಗ ಬಂದ್ ಮಾಡ್ಲೇನ್ರಿ?"

ಹೊಸ ಡಿಸ್ಕು. ತಿಂಗಳಿನಿಂದ ಒಂದು ದಿನವೂ ತಕರಾರು ಮಾಡಿರಲಿಲ್ಲ. ಅದರ ಒಂದು ನಕಲು ಗೋಕಾಕದ ಅಂಗಡಿಯಲ್ಲಿತ್ತು. ಆದರೂ ಅವರಿಬ್ಬರ ಮುಖ ನೋಡಿ, ಏನೂ ಆಗುವುದಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಮಾಡ್ರಿ ಎಂದಷ್ಟೇ ಹೇಳಿದೆ.

ಅವರು ಬಂದ್ ಮಾಡಿದರು. ಫ್ಯಾನಿನ ಸದ್ದು ಇಳಿಯುತ್ತಾ ಹೋಗಿ ನಿಂತಿತು. ಒರೆಸಿದರು, ಮೂರು ಗೆರೆ ಎಳೆದರು, ಹೂವು ಇಟ್ಟು ಕರ್ಪೂರ ಹಚ್ಚಿದರು. ಮಾಲಕರು ಕಾಯಿ ಒಡೆಯಲಿಲ್ಲ. ಇದು ಎದ್ದ ಮೇಲೆ ಒಡೆಯುತ್ತೇನೆ ಎಂದರು. ನಂತರ ಇಬ್ಬರೂ ನನ್ನ ಕಡೆ ನೋಡಿದರು. ನಾನು ಕೈ ಚಾಚಲಿಲ್ಲ. ಸ್ವಲ್ಪ ಹೊತ್ತು ಯಾರೂ ಚಾಚಲಿಲ್ಲ.

ಕೊನೆಗೆ ಅಕ್ಕಾರ ಕುಂಕುಮದ ಬೆರಳನ್ನು ಸೆರಗಿಗೆ ಒರೆಸಿಕೊಂಡು ಗುಂಡಿ ಒತ್ತಿದರು. ಡಿಸ್ಕು ತಿರುಗಿತು. ಗುಲಾಬಿ ಹೂವು ಬಂತು. ಹೊಸ್ತಿಲಲ್ಲಿ ಕಾಯಿ ಒಡೆದ ಸದ್ದು ಕೇಳಿತು. ಅವರು ಅದನ್ನು ನೋಡಲು ತಿರುಗಲಿಲ್ಲ. ಕುರ್ಚಿ ಎಳೆದು ಕೂತು ಹಿಂದಿನ ದಿನ ಬಿಟ್ಟ ಪುಟವನ್ನು ತೆರೆದರು. ದಡ್ಡಿ ಊರಿನ ಕಡೆಯ ಒಂದು ಮನೆತನದ ಪತ್ರಿಕೆ. ಮದುಮಗಳ ಹೆಸರು ಅರ್ಧಕ್ಕೆ ನಿಂತಿತ್ತು. ಮುಂದಿನ ಅಕ್ಷರ ಯಾರ ಲಗ್ನದಲ್ಲಿದೆ ಎಂದು ಹಳೆಯ ಪತ್ರಿಕೆಗಳನ್ನು ಒಂದೊಂದಾಗಿ ತೆರೆದು ಹುಡುಕತೊಡಗಿದರು.